ಒಂದು ಕಡಿಮೆ

ಹಾಲು ತುಪ್ಪ ಬಿಟ್ಟ ಮರುದಿನ ಬೆಳಿಗ್ಗೆ ಚೌಡಕ್ಕ ಬಂದು, ನಾನು ಹಿಡಿದ ಪಾತ್ರೆಗೆ ಒಬ್ಬರಿಗಾಗುವಷ್ಟು ಹಾಲು ಹುಯ್ದು ಕ್ಯಾನಿನ ಮುಚ್ಚಳ ಹಾಕಿದಳು. ಎಷ್ಟು ಬೇಕೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ನೆಂಟರು ಹಿಂದಿನ ಸಂಜೆಯೇ ಹೊರಟುಹೋಗಿದ್ದರು. ಈ ಊರಲ್ಲಿ ಸತ್ತು ಎಷ್ಟು ದಿನವಾಯಿತೆಂದು ಯಾರೂ ಲೆಕ್ಕ ಇಡುವುದಿಲ್ಲ. ಗುಂಡಿಯ ಮೇಲಿನ ಮಣ್ಣು ಒಣಗಿ ಬಿರುಕು ಬಿಟ್ಟರೆ ಹಾಲು ತುಪ್ಪ, ಅದರ ಮರುದಿನದಿಂದ ಎಲ್ಲರಿಗೂ ಮಾಮೂಲು ದಿನ. ನನ್ನ ಗಂಡ ರೇವಣಸಿದ್ಧನ ಮಣ್ಣು ಬೇಗ ಒಣಗಿತು. ಬಿಸಿಲು ಹಾಗಿತ್ತು. ಹಾಲು ಕಾಸಿದೆ, ಕಾಫಿ ಕುಡಿದೆ, ಲೋಟ ತೊಳೆದಿಟ್ಟೆ. ಅಳು ಬಂದರೆ ಬರಲಿ ಎಂದು ಸ್ವಲ್ಪ ಹೊತ್ತು ಕೂತೆ. ಬರಲಿಲ್ಲ. ಕಸ ಗುಡಿಸಿದೆ.

ಇಲ್ಲಿ ಎರಡರಾಚೆ ಏನನ್ನು ಎಣಿಸಿದರೂ ಹೊತ್ತು ಮುಳುಗುವುದರೊಳಗೆ ಅದರಲ್ಲಿ ಒಂದು ಕಡಿಮೆಯಾಗುತ್ತದೆ. ಎರಡರವರೆಗೆ ತೊಂದರೆಯಿಲ್ಲ; ಅಷ್ಟನ್ನು ಕಣ್ಣು ನೋಡುತ್ತದೆ, ಎಣಿಸುವುದಿಲ್ಲ. ಹಾಗಾಗಿ ಇಡ್ಲಿಯಂಗಡಿಯಲ್ಲಿ ತಟ್ಟೆ ತುಂಬ ಇಡುತ್ತಾರೆ, ಹೊಟ್ಟೆ ತುಂಬಿದಾಗ ಎದ್ದು ಬರುತ್ತೇವೆ. ಕುರಿಯವರು ಸಂಜೆ ದೊಡ್ಡಿಯ ಬಾಗಿಲಲ್ಲಿ ನಿಂತು ಒಂದೊಂದರ ಬೆನ್ನು ಸವರಿ ಒಳಗೆ ಬಿಡುತ್ತಾರೆ. ಯಾವ ಬೆನ್ನು ಬಂದಿಲ್ಲವೆಂದು ಅಂಗೈಗೆ ಗೊತ್ತಾಗುತ್ತದೆ. ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಮದುವೆಯಾಗಿ ಬಂದ ವಾರವೇ, ಇದೆಂಥ ಮೌಢ್ಯ ಎಂದು ತೋರಿಸಿಕೊಡಲು ರೇವಣನ ಮುಂದೆ ನನ್ನ ಸೀರೆಗಳನ್ನು ಎಣಿಸಿದೆ. ಸಂಜೆಯ ಹೊತ್ತಿಗೆ ತಂತಿಯ ಮೇಲೆ ಒಣಗಿದ್ದ ಹಸಿರು ಸೀರೆಯನ್ನು ಯಾರದೋ ಹಸು ಅಗಿದು ಹಾಕಿತ್ತು. ರೇವಣ ನಗಲಿಲ್ಲ. "ಸೀರೆಯಲ್ಲೇ ಮುಗೀತಲ್ಲ, ಬಿಡು," ಎಂದ. ಆಮೇಲೆ ನಾನು ಎಣಿಸಲಿಲ್ಲ. ಓದಿದ್ದು ಟ್ರಂಕಿನ ತಳದಲ್ಲಿ ಪ್ರಮಾಣಪತ್ರವಾಗಿ ಬಿದ್ದುಕೊಂಡಿತು.

ಇಂಥ ಊರಿಗೆ ಈ ಬೇಸಿಗೆಯಲ್ಲಿ ದೂರದೇಶದ ವಿಶ್ವವಿದ್ಯಾಲಯವೊಂದರ ಹುಡುಗ ಹುಡುಗಿಯರು ಅಂತರರಾಷ್ಟ್ರೀಯ ಅಭಿವೃದ್ಧಿ ಮತ್ತು ಸಾಮಾಜಿಕ ಸಮಸ್ಯೆಗಳನ್ನು ಕಲಿಯಲು ಬಂದರು. ಮೂರು ವಾರದ ಕೋರ್ಸು. ಮೊದಲ ವಾರ ಬಡತನ, ಎರಡನೆಯ ವಾರ ಮಹಿಳೆ, ಮೂರನೆಯ ವಾರ ಮಕ್ಕಳು. ನಡುವಿನ ಭಾನುವಾರ ಕೋಟೆ ನೋಡುವುದು. ಎಲ್ಲರೂ ಬರುವ ದಾರಿಯಲ್ಲಿ ಪೇಟೆಯಲ್ಲಿ ಕೊಂಡ ಖಾದಿ ಜುಬ್ಬ ಹಾಕಿದ್ದರು. ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ಅವರ ಮೇಲೆ ಪ್ರೊಫೆಸರ್ ಹ್ಯಾರಿಯೆಟ್ ಎಂಬಾಕೆ. ಇಂಗ್ಲಿಷ್ ಬಲ್ಲವನೆಂದು ರೇವಣನನ್ನು ದುಭಾಷಿಯಾಗಿ ಇಟ್ಟುಕೊಂಡರು. ಅವನು ಮೊದಲ ದಿನವೇ ಹೇಳಿದ: ಇಲ್ಲಿ ಮನೆಗಳನ್ನಾಗಲಿ ಜನರನ್ನಾಗಲಿ ಎಣಿಸಬೇಡಿ, ಕೇಳಿ ತಿಳಿದುಕೊಳ್ಳಿ. ಎಲ್ಲರೂ ತಲೆಯಾಡಿಸಿದರು. ಅವರು ಎಲ್ಲದಕ್ಕೂ ತಲೆಯಾಡಿಸುತ್ತಿದ್ದರು.

ಆದರೆ ವ್ಯಾನು ಹತ್ತುವ ದಿನ ತಲೆ ಎಣಿಸಲೇಬೇಕೆಂಬುದು ಅವರ ವಿಶ್ವವಿದ್ಯಾಲಯದ ಸುರಕ್ಷತಾ ನಿಯಮ. ಫ್ರೇಯಾ ಎಂಬ ಹುಡುಗಿ ಬಾಗಿಲಲ್ಲಿ ನಿಂತು ಬೆರಳು ಮಾಡಿ ಎಣಿಸಿ, ಹಾಳೆಯಲ್ಲಿ ಬರೆದು ಸಹಿ ಹಾಕುತ್ತಿದ್ದಳು. ಮೊದಲ ಸಲ ಎಣಿಸಿದ ಸಂಜೆ ಒಬ್ಬ ಹುಡುಗನಿಗೆ ಹೊಟ್ಟೆ ಕೆಟ್ಟು ಅವನನ್ನು ಅವನ ದೇಶಕ್ಕೆ ಸಾಗಿಸಬೇಕಾಯಿತು. ಎರಡನೆಯ ಸಲ ಒಬ್ಬ ಹುಡುಗಿಗೆ ಅಜ್ಜಿಯ ಕಾಯಿಲೆಯ ಸುದ್ದಿ ಬಂತು, ಸಂಜೆಯೇ ಹೊರಟಳು. ಮೂರನೆಯ ಸಲ ಇನ್ನೊಬ್ಬ, ಬಡತನ ತನಗೆ ಒಗ್ಗುವ ವಿಷಯವಲ್ಲವೆಂದು ಮನವರಿಕೆಯಾಗಿ, ಸಮುದ್ರತೀರದ ಕಡೆಯ ಬಸ್ಸು ಹಿಡಿದ. ಕಡಿಮೆಯಾಗುವುದೆಂದರೆ ಸಾಯುವುದೇ ಆಗಬೇಕಿಲ್ಲ. ಊರ ಗಡಿ ದಾಟಿ ಮತ್ತೆ ಬಾರದಿದ್ದರೂ ಸಾಕು.

ರೇವಣ ವ್ಯಾನಿನ ಹಿಂದೆ ಸೈಕಲಿನಲ್ಲಿ ಹೋಗುತ್ತಿದ್ದ. ಒಂದು ದಿನ ಪ್ರೊಫೆಸರ್ ಅದನ್ನು ನೋಡಿ, ಸಿಬ್ಬಂದಿ ಸೈಕಲಿನಲ್ಲಿ ಬಂದರೆ ವಿಮೆಯವರು ಒಪ್ಪುವುದಿಲ್ಲವೆಂದು ಹೇಳಿ ಒಳಗೆ ಕೂರಿಸಿದರು. ಅವನ ಒಳ್ಳೆಯದಕ್ಕೇ ಹೇಳಿದ್ದು. ಮಧ್ಯಾಹ್ನ ಊಟಕ್ಕೆ ಬಂದವನು, "ಇವತ್ತು ನನ್ನನ್ನೂ ಎಣಿಸಿಬಿಟ್ರು ಕಣೆ," ಎಂದ. ನಾನು ಹುರುಳಿಕಾಯಿ ಮುರಿಯುತ್ತಿದ್ದೆ. "ಅಷ್ಟು ಜನದಲ್ಲಿ ನೀವೇ ಯಾಕೆ ಆಗ್ತೀರಿ?" ಎಂದೆ. ಸಂಖ್ಯಾಶಾಸ್ತ್ರ ಓದಿದವಳ ಮಾತು. ಸಂಜೆ ಬೀದಿಬಾವಿಯ ಮೋಟರು ಕೆಟ್ಟಿದೆ, ಹೆಂಗಸರು ಕೊಡ ಹಿಡಿದು ನಿಂತಿದ್ದಾರೆ ಎಂದು ರಿಪೇರಿಗೆ ಹೋದ. ಕರೆಂಟು ಹೊಡೆಯಿತು.

ಮಾಮೂಲು ದಿನದ ಮೊದಲ ಬೆಳಿಗ್ಗೆ, ಒಂಬತ್ತು ಗಂಟೆಗೆ, ಅವರೆಲ್ಲ ಸಂತಾಪ ಹೇಳಲು ಬಂದರು. ಮುಖ ಎಷ್ಟು ಬಾಡಿಸಬೇಕೆಂದು ಮೊದಲೇ ಮಾತಾಡಿಕೊಂಡು ಬಂದವರಂತಿದ್ದರು. ಒಬ್ಬ ಹುಡುಗ ಅಡುಗೆಮನೆಗೆ ಇಣುಕಿದ. ಗ್ಯಾಸ್ ಒಲೆ ಕಂಡು ಅವನಿಗೆ ನಿರಾಸೆಯಾದಂತಿತ್ತು. ಫ್ರೇಯಾ ನನ್ನ ಹೆಗಲಿಗೆ ತಲೆಯಿಟ್ಟು ಬಿಕ್ಕಿದಳು. ನಾನು ಬೆನ್ನು ಸವರಿದೆ, ನೀರು ಕೊಟ್ಟೆ. ಗಂಡ ಸತ್ತವಳೂ ನಾನೇ, ಸಮಾಧಾನ ಹೇಳಬೇಕಾದವಳೂ ನಾನೇ.

ಪ್ರೊಫೆಸರ್ ಹ್ಯಾರಿಯೆಟ್ ಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರು. ಕುರ್ಚಿ ಕೊಟ್ಟಿದ್ದೆ, ಬೇಡವೆಂದರು. ಕೋರ್ಸಿನ ಕೊನೆಯ ಕೆಲಸವೊಂದು ಬಾಕಿಯಿದೆ, ಅಂಗನವಾಡಿಯ ಮಕ್ಕಳ ಎಣಿಕೆ. ತೂಕ, ಎತ್ತರ, ಒಟ್ಟು ಸಂಖ್ಯೆ. ಅದು ಮುಗಿಯದೆ ವಿದ್ಯಾರ್ಥಿಗಳಿಗೆ ಅಂಕ ಸಿಗುವುದಿಲ್ಲ. ವರದಿಯನ್ನು ರೇವಣನ ನೆನಪಿಗೆ ಅರ್ಪಿಸುವುದೆಂದು ಎಲ್ಲರೂ ಸೇರಿ ತೀರ್ಮಾನಿಸಿದ್ದಾರೆ. ನಾಳೆ ಅವನ ಜಾಗದಲ್ಲಿ ದುಭಾಷಿಯಾಗಿ ನಾನು ಬರಬಹುದೇ ಎಂದು ಕೇಳಿದರು.

ನಾನು ನೇರವಾಗಿ ಹೇಳಿದೆ. ಮಕ್ಕಳನ್ನು ಎಣಿಸಿದರೆ ಸಂಜೆಯೊಳಗೆ ಒಂದು ಮಗು ಇರುವುದಿಲ್ಲ ಎಂದೆ.

ಪ್ರೊಫೆಸರ್ ಕಣ್ಣರಳಿಸಿದರು. ರೇವಣ ಇದನ್ನೇ ಹೇಳಿದ್ದ, ಆದರೆ ಆಗ ಅವರು ಬರೆದುಕೊಂಡಿರಲಿಲ್ಲ. ಈಗ ಪುಸ್ತಕ ತೆಗೆದರು. "ನಿಮ್ಮ ನಂಬಿಕೆಯನ್ನು ನಾವು ಗೌರವಿಸುತ್ತೇವೆ. ನಮ್ಮ ಫಾರಮಿನಲ್ಲಿ ಅದಕ್ಕೊಂದು ಜಾಗವೇ ಇದೆ."

"ಇದು ನಂಬಿಕೆ ಅಲ್ಲ. ಬಂದಾಗ ನೀವು ಎಷ್ಟು ಜನ ಇದ್ದಿರಿ?"

"ಹದಿನಾಲ್ಕು."

"ಈಗ?"

ಹೊಟ್ಟೆ ಕೆಟ್ಟವನಿಗೆ ನೀರು ಕಾರಣ ಎಂದರು. ಅಜ್ಜಿಗೆ ವಯಸ್ಸು ಕಾರಣ. ಸಮುದ್ರಕ್ಕೆ ಹೋದವನಿಗೆ ಪ್ರೌಢತೆಯ ಕೊರತೆ. ರೇವಣನ ವಿಷಯಕ್ಕೆ ಬಂದಾಗ ದನಿ ತಗ್ಗಿಸಿ, ಈ ಭಾಗದ ವಿದ್ಯುತ್ ಜಾಲದ ದುಃಸ್ಥಿತಿ ಎಂದರು. ಎಲ್ಲಕ್ಕೂ ಒಂದೊಂದು ಕಾರಣವಿತ್ತು, ಒಂದೂ ಸುಳ್ಳಲ್ಲ. ಫ್ರೇಯಾ ಮಾತ್ರ ತನ್ನ ಕಾಲ್ಬೆರಳು ನೋಡುತ್ತ ಕೂತಿದ್ದಳು.

"ಹೆಸರು ಬರೆದುಕೊಳ್ಳಿ," ಎಂದೆ. "ಒಬ್ಬೊಬ್ಬರ ಹೆಸರು, ಏನು ತಿಂದರು, ಹೇಗಿದ್ದಾರೆ, ಎಲ್ಲ ಹೇಳಿಸುತ್ತೇನೆ. ಸಂಖ್ಯೆ ಬೇಡ."

ಪ್ರೊಫೆಸರ್ ನೊಂದುಕೊಂಡವರಂತೆ ನನ್ನ ಕೈ ಹಿಡಿದರು. ಮಕ್ಕಳ ಹೆಸರು ಬರೆದುಕೊಳ್ಳುವಂತಿಲ್ಲ, ಅದು ಅವರ ಘನತೆಗೆ ಧಕ್ಕೆ, ವಿಶ್ವವಿದ್ಯಾಲಯದ ನೀತಿಸಮಿತಿ ಒಪ್ಪುವುದಿಲ್ಲ. ಸಂಖ್ಯೆಯಾದರೆ ಯಾರಿಗೂ ಹಾನಿಯಿಲ್ಲ.

ನಾನು ಬರುವುದಿಲ್ಲ ಎಂದೆ. ನನ್ನ ದುಃಖವನ್ನು ಅರ್ಥಮಾಡಿಕೊಳ್ಳುತ್ತೇವೆ ಎಂದು ಹೇಳಿ ಎದ್ದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಒಬ್ಬ ಹುಡುಗಿ ಇನ್ನೊಬ್ಬಳಿಗೆ, ಎಣಿಕೆಗೆ ಪ್ರತಿರೋಧ ಎಂಬ ವಿಷಯ ತನ್ನ ಪ್ರಬಂಧಕ್ಕೆ ತುಂಬ ಚೆನ್ನಾಗಿದೆ, ಬೇರೆ ಯಾರೂ ತೆಗೆದುಕೊಳ್ಳಬಾರದು ಎಂದಳು.

ಮಧ್ಯಾಹ್ನ ಅಂಗನವಾಡಿಯ ನೀಲಮ್ಮ ಟೀಚರ್ ಬಂದರು, ಹಿಂದೆಯೇ ಚೌಡಕ್ಕ. ಟೀಚರ್ ಕೈಯಲ್ಲೊಂದು ಕಾಗದವಿತ್ತು.

"ತಾಲ್ಲೂಕಾಫೀಸಿಂದ ಬಂದಿದೆ, ನೋಡು ದಾಕ್ಷಾಯಿಣಿ. ಸಹಕರಿಸಬೇಕಂತೆ. ಬಾಗಿಲು ಹಾಕಿದ್ರೆ ಮೊಟ್ಟೆ, ಹಾಲಿನ ಪುಡಿ ಎಲ್ಲ ನಿಲ್ಲಿಸ್ತಾರಂತೆ."

"ಮಕ್ಳನ್ನೇ ಕಳ್ಸ್‌ದಿದ್ರಾಯ್ತು," ಎಂದಳು ಚೌಡಕ್ಕ.

"ಕಳಿಸದಿದ್ರೆ ಮನೆಮನೆಗೆ ಬಂದು ಎಣಿಸ್ತಾರಂತೆ, ದೊಡ್ಡವರ ಸಮೇತ. ಅದು ವಾಸಿನಾ ನಿಂಗೆ?"

"ಮಾತಾಡೋರು ಯಾರೂ ಇಲ್ದೆ ಅದೆಂಗ್ ಬತ್ತಾರೆ?"

"ಫೋನ್ ಇದೆಯಲ್ಲ. ಅವರು ಅಂದಿದ್ದನ್ನ ಕನ್ನಡದಲ್ಲಿ ಹೇಳುತ್ತೆ."

"ಅಯ್ ಅದಾ! ಮೊನ್ನೆ ನಿಮ್ಮ ಎಮ್ಮೆ ಯಾವ ಕ್ಲಾಸಲ್ಲಿ ಓದ್ತದೆ ಅಂತ ಕೇಳ್ತು ಕಣವ್ವ. ಪೇಲಾಗ್ಬುಟ್ಟದೆ ಅಂದೆ. ಬರ್ಕೊಂಡ್ರು." ಚೌಡಕ್ಕ ನಕ್ಕವಳು ಅಲ್ಲೇ ನಿಲ್ಲಿಸಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ನನ್ ಮೊಮ್ಮಗಳು ಗಿರಿಜೆ ಅಲ್ಲೇ ಅವ್ಳೆ. ಅವಳ ಅಪ್ಪ ಅವ್ವನೂ ಇಲ್ಲ. ನಾನೇನ್ ಮಾಡ್ಲಿ ಯೋಳು. ನಿನ್ ಗಂಡ ಇದ್ದಿದ್ರೆ ಅದೇನೋ ಒಂದು ಹೇಳಿ ತಪ್ಪಿಸ್ತಿದ್ದ."

ತಪ್ಪಿಸುತ್ತಿರಲಿಲ್ಲ. ತನ್ನನ್ನೇ ತಪ್ಪಿಸಿಕೊಳ್ಳಲಾಗಲಿಲ್ಲ ಅವನಿಗೆ. ಆದರೆ ಅದನ್ನು ಚೌಡಕ್ಕನಿಗೆ ಹೇಳಿ ಏನು ಪ್ರಯೋಜನ. ನಾಳೆ ನಾನು ಬರುತ್ತೇನೆ ಎಂದೆ. ಬಂದು ಏನು ಮಾಡುವುದೆಂದು ಇನ್ನೂ ತೋಚಿರಲಿಲ್ಲ.

ಮರುದಿನ ಅಂಗನವಾಡಿಯ ಕಿಟಕಿಗಳಲ್ಲಿ ತಾಯಂದಿರು ಒತ್ತಾಗಿ ನಿಂತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಈ ಮೌನವನ್ನು ಸಮುದಾಯದ ಆಸಕ್ತಿ ಎಂದು ಪ್ರೊಫೆಸರ್ ಫೋಟೋ ತೆಗೆದುಕೊಂಡರು. ತೂಕ ಮಾಡಿದರು, ಎತ್ತರ ಹಿಡಿದರು. ಅಳತೆಯಿಂದ ಇಲ್ಲಿ ಯಾರಿಗೂ ಏನೂ ಆಗುವುದಿಲ್ಲ. ತೋಳಿನ ದಪ್ಪ ನೋಡುವ ಬಣ್ಣದ ಪಟ್ಟಿ ಸುತ್ತಿ, ಹಸಿರು ಬಂದರೆ ಚಪ್ಪಾಳೆ ತಟ್ಟಿದರು. ಹಳದಿ ಬಂದರೆ ಮುಖ ಸಣ್ಣಗೆ ಮಾಡಿದರು. ಹಳದಿ ಬಂದ ಹುಡುಗನಿಗೆ ಇನ್ನೊಂದು ಮೊಟ್ಟೆ ಕೊಡಿಸಿ ಎಂದೆ. ಕೋರ್ಸಿನಲ್ಲಿ ನೇರ ನೆರವಿಗೆ ಅವಕಾಶವಿಲ್ಲ, ಅದು ಅವಲಂಬನೆ ಬೆಳೆಸುತ್ತದೆ ಎಂದು ಒಬ್ಬ ಹುಡುಗ ನನಗೆ ತಿಳಿಸಿಕೊಟ್ಟ. ಅವನ ಜೇಬಿನಲ್ಲಿ ಚಾಕೊಲೇಟಿನ ಹಾಳೆ ಹೊಳೆಯುತ್ತಿತ್ತು.

ಆಮೇಲೆ ಮಕ್ಕಳನ್ನು ಗೋಡೆಯುದ್ದಕ್ಕೂ ಸಾಲಾಗಿ ಕೂರಿಸಲು ಹೇಳಿದರು. ನಾನು ಆ ಮಾತನ್ನು ದಾಟಿಸಿದೆ. ಮಕ್ಕಳು ಕೂತರು. ಗಿರಿಜೆ ಸಾಲಿನ ತುದಿಯಲ್ಲಿದ್ದಳು, ಮೂಗು ಒರೆಸಿಕೊಂಡು ಬೆರಳನ್ನು ಗೋಡೆಗೆ ಹಚ್ಚುತ್ತಿದ್ದಳು. ಫ್ರೇಯಾ ಹಾಳೆ ಹಿಡಿದು ಈಚೆ ತುದಿಗೆ ಬಂದು ನಿಂತಳು. ಕಿಟಕಿಯಲ್ಲಿ ಯಾರೋ ದೇವರ ಹೆಸರು ಹೇಳಿದರು. ಅಷ್ಟು ಮಕ್ಕಳಲ್ಲಿ ಒಂದು. ಯಾವುದಾದರೂ ಒಂದು. ಒಂದೊಂದಕ್ಕೂ ಎಷ್ಟು ಸಂಭವವೆಂದು ಲೆಕ್ಕ ಹಾಕಲು ನನಗೆ ಬರುತ್ತದೆ. ಅವತ್ತು ಹುರುಳಿಕಾಯಿ ಮುರಿಯುತ್ತ ಹಾಕಿದ್ದೆ. ಮತ್ತೆ ಹಾಕಲಿಲ್ಲ. ಹೋಗಿ ಗಿರಿಜೆಯ ಪಕ್ಕದಲ್ಲಿ, ಸಾಲಿನ ಕೊನೆಗೆ, ಗೋಡೆಗೆ ಒರಗಿ ಕೂತೆ.

ಫ್ರೇಯಾ ಬೆರಳು ಮಾಡುತ್ತ ಬಂದಳು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಗಿರಿಜೆಯ ಮೇಲಿಂದ ಬೆರಳು ನನ್ನ ಮುಂದೆ ಬಂದು ನಿಂತಿತು.

"ನೀವು ಮಗು ಅಲ್ಲ," ಎಂದಳು ಮೆಲ್ಲಗೆ.

"ಎಣಿಸು."

ಹಿಂದೆ ತಿರುಗಿ ನೋಡಿದಳು. ಪ್ರೊಫೆಸರ್ ಫೋಟೋದಲ್ಲಿ ಮುಳುಗಿದ್ದರು. ಈ ಹುಡುಗಿಗೆ ಗೊತ್ತಿತ್ತು. ವ್ಯಾನಿನ ಬಾಗಿಲಲ್ಲಿ ನಿಂತವಳು ಅವಳೇ ತಾನೆ. ಗೊತ್ತಿದ್ದೂ ಹಾಳೆಗೆ ಸಹಿ ಹಾಕುತ್ತಿದ್ದಳು. ಅಂಕ ಅಂದರೆ ಹಾಗೆ.

"ಎಣಿಸಮ್ಮ," ಎಂದೆ, ಈ ಸಲ ಕನ್ನಡದಲ್ಲಿ. ಎಣಿಸಿದಳು. ಬರೆದಳು.

ಪ್ರೊಫೆಸರ್ ಹಾಳೆ ನೋಡಿ ಹುಬ್ಬು ಗಂಟಿಕ್ಕಿದರು. ದೊಡ್ಡವರೊಬ್ಬರು ಸೇರಿಬಿಟ್ಟಿದ್ದಾರಲ್ಲ, ಪರವಾಗಿಲ್ಲ, ಆಮೇಲೆ ಕೂತು ಒಂದನ್ನು ಕಳೆದರಾಯಿತು ಎಂದರು.

"ಕಳೆಯುವುದನ್ನು ನನಗೆ ಬಿಡಿ," ಎಂದೆ.

ಅವರು ಮಕ್ಕಳಿಗೆ ಬಲೂನು ಹಂಚಿ ಹೋದರು. ನೀಲಮ್ಮ ಟೀಚರ್ ಬಾಗಿಲು ಹಾಕಿ ನನ್ನ ತೋಳು ಹಿಡಿದು ಅಲ್ಲಾಡಿಸಿದರು.

"ಏನು ಮಾಡಿಬಿಟ್ಟೆ ಹುಡುಗಿ ನೀನು?"

"ಒಂದು ಕಡಿಮೆಯಾಗಬೇಕಲ್ಲ ಟೀಚರ್. ನಾನು ಆಗ್ತೀನಿ. ನಾಲ್ಕೂವರೆ ಬಸ್ಸಿಗೆ ಹೋದ್ರೆ ಹೊತ್ತು ಮುಳುಗೋಕೆ ಮುಂಚೆ ಗಡಿ ದಾಟ್ತೀನಿ."

"ತಿರುಗಿ ಬರೋ ಹಾಗಿಲ್ಲ. ಗೊತ್ತು ತಾನೆ? ಎಣಿಕೇಲಿ ಹೋದವರು ಮತ್ತೆ ಕಾಲಿಟ್ರೆ ಅವರ ಬದಲು ಇನ್ನೊಂದು ಹೋಗುತ್ತೆ. ಕುಂಬಾರಗೇರಿ ತಿಮ್ಮಯ್ಯ ತಂಗಿ ಮದುವೆಗೆ ಅಂತ ಬಂದು, ಆ ತಂಗೀನೇ ಹೋಗಲಿಲ್ವಾ? ಮಣ್ಣಿನ ಹತ್ರ ಒಂದು ದೀಪ ಹಚ್ಚೋಕೂ ಬರೋಕಾಗಲ್ಲ ನಿಂಗೆ."

"ಗೊತ್ತು."

"ಇನ್ನೂ ಮಣ್ಣು ಸರಿಯಾಗಿ ಕೂತಿಲ್ಲ ಕಣೇ."

"ಒಣಗಿದೆ ಅಂತ ನೀವೇ ಹೇಳಿದ್ರಲ್ಲ."

ಟೀಚರ್ ಅತ್ತರು. ಹೊರಗೆ ಚೌಡಕ್ಕ ಬಗ್ಗಿ ನನ್ನ ಪಾದ ಮುಟ್ಟಲು ಬಂದಳು. ಹಿಂದಕ್ಕೆ ಸರಿದೆ. "ಬಸ್ಸು ಹೋಗೋ ತನಕ ಗಿರಿಜೇನ ತೊಡೆ ಮೇಲಿಂದ ಇಳಿಸಬೇಡ," ಎಂದೆ. ಎಲ್ಲ ತಾಯಂದಿರೂ ಮಕ್ಕಳನ್ನು ಎತ್ತಿಕೊಂಡು ಮನೆಗೆ ಹೋಗಿ ಚಿಲಕ ಹಾಕಿಕೊಂಡರು. ಬೀದಿ ಖಾಲಿಯಾಯಿತು. ಬಲೂನುಗಳು ಮಾತ್ರ ಚರಂಡಿಯ ಪಕ್ಕದಲ್ಲಿ ಉರುಳಾಡುತ್ತಿದ್ದವು.

ಮನೆಯಲ್ಲಿ ತುಂಬಿಕೊಳ್ಳಲು ಹೆಚ್ಚಿರಲಿಲ್ಲ. ಸೀರೆಗಳು, ಪ್ರಮಾಣಪತ್ರ, ಅವನ ಒಂದು ಅಂಗಿ. ಒಗೆಯದ್ದನ್ನೇ ತೆಗೆದುಕೊಂಡೆ. ಕದ ಎಳೆದುಕೊಳ್ಳುವಾಗ ಅದರ ಹಿಂದಿನಿಂದ ಏನೋ ಜಾರಿ ನೆಲಕ್ಕೆ ಬಿತ್ತು. ಒಂದು ಪಾನ, ನಟ್ಟು ಬಿಚ್ಚುವ ದೊಡ್ಡ ಪಾನ. ಹಿಡಿಗೆ ಕೆಂಪು ಬಣ್ಣ. ಮೋಟರಿನ ಹತ್ತಿರ ಬಿದ್ದಿದ್ದನ್ನು ಯಾರೋ ತಂದು ಅಲ್ಲಿ ಒರಗಿಸಿಟ್ಟಿದ್ದಿರಬೇಕು. ಕೆಂಪು ಹಿಡಿಯ ಪಾನಗಳು ಈ ಊರಲ್ಲಿ ಇರುವುದು ಬಸ್‌ಸ್ಟ್ಯಾಂಡಿನ ಎದುರಿಗೆ ಸೈಕಲ್ ಅಂಗಡಿ ಇಟ್ಟಿರುವ ಬುಡೇನ್ ಸಾಬರ ಹತ್ತಿರ ಮಾತ್ರ. ಸಾಬರು ಮಣ್ಣಿಗೂ ಬಂದಿರಲಿಲ್ಲ, ಆಮೇಲೂ ಬಂದಿರಲಿಲ್ಲ. ರೇವಣನ ಜೊತೆ ದಿನಾ ಚಹಾ ಕುಡಿಯುತ್ತಿದ್ದವರು. ಯಾಕೆ ಬರಲಿಲ್ಲವೆಂದು ಆಗ ತಿಳಿಯಿತು.

ಪಾನವನ್ನು ಸೆರಗಿನಲ್ಲಿ ಸುತ್ತಿಕೊಂಡು ಚೀಲ ಹೊತ್ತು ನಡೆದೆ. ದಾರಿಯಲ್ಲಿ ಪ್ರೊಫೆಸರ್ ಹ್ಯಾರಿಯೆಟ್ ಎಳನೀರು ಕುಡಿಯುತ್ತ ನಿಂತಿದ್ದರು. ಚೀಲ ನೋಡಿ, ಎಲ್ಲಿಗೆ ಎಂದರು. ಪಟ್ಟಣಕ್ಕೆ, ಕೆಲಸ ಹುಡುಕಲು ಎಂದೆ. ಅವರ ಕಣ್ಣು ತುಂಬಿತು. ಪದವಿ ಪಡೆದ ಹೆಣ್ಣುಮಗಳೊಬ್ಬಳು ಕೊನೆಗೂ ಸ್ವಂತ ಕಾಲಿನ ಮೇಲೆ ನಿಲ್ಲಲು ಹೊರಟದ್ದು ಈ ಮೂರು ವಾರಗಳ ಅತಿ ದೊಡ್ಡ ಫಲ. ಒಬ್ಬರ ಬದುಕನ್ನಾದರೂ ನಮ್ಮ ಕೋರ್ಸು ಬದಲಿಸಿತಲ್ಲ ಎಂದರು. ಹೌದು, ಬದಲಿಸಿತು ಎಂದೆ. ಒಂದು ಫೋಟೋ ತೆಗೆಯಲೇ ಎಂದರು. ನಾನು ನಿಲ್ಲಲಿಲ್ಲ.

ಬಸ್ಸು ಬಂದು ಎಂಜಿನ್ ನಿಲ್ಲಿಸದೆ ನಿಂತಿತ್ತು. ಬುಡೇನ್ ಸಾಬರು ಟ್ಯೂಬೊಂದನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದರು. ತಲೆಯೆತ್ತಿ ನನ್ನನ್ನು ಕಂಡು ಎದ್ದರು. ಆಮೇಲೆ ಸೆರಗಿನಿಂದ ಹೊರಬಂದ ಕೆಂಪು ಹಿಡಿಯನ್ನು ಕಂಡು ಹಾಗೇ ನಿಂತರು.

"ಅದನ್ಯಾಕೆ ತರೋಕೋದೆ ತಾಯಿ," ಎಂದರು. "ಕೆರೆಗೆ ಎಸೀಬಾರ್ದಿತ್ತಾ."

"ನಿಮ್ಮದಲ್ವಾ. ಅವರು ಕೇಳಿ ಇಸ್ಕೊಂಡಿದ್ದು."

"ತಾಳು, ಕರೆಂಟ್ ಹೊಡೀದಂಗೆ ಹಿಡಿಗೆ ಟ್ಯೂಬ್ ಸುತ್ತಿಕೊಡ್ತೀನಿ ಅಂದೆ. ಐದು ನಿಮಿಷದ ಕೆಲಸ ಬುಡೇನಣ್ಣ, ಹೆಂಗಸರು ಕಾಯ್ತಾವ್ರೆ ಅಂತ ಕಿತ್ಕೊಂಡು ಓಡಿದ. ನಾನು ಬಿಡಬಾರದಿತ್ತು. ಇಲ್ಲ ಅನ್ನಬೇಕಿತ್ತು. ನನ್ ಕೈಯಾರೆ..." ಒದ್ದೆ ಕೈಯಿಂದಲೇ ಮುಖ ಮುಚ್ಚಿಕೊಂಡರು. "ಯಾವ ಮುಖ ಇಟ್ಕೊಂಡು ನಿನ್ನ ಬಾಗಿಲಿಗೆ ಬರ್ಲಿ."

"ನೀವು ಕೊಟ್ಟಿದ್ದು ಪಾನ. ಎಣಿಸಿದ್ದು ನೀವಲ್ಲ," ಎಂದೆ.

ಸಾಬರು ಕೈ ಚಾಚಲಿಲ್ಲ. ಅವರ ಹಿಂದೆ ಗೋಡೆಗೆ ಒಂದು ಅಗಲವಾದ ಹಲಗೆ ಹೊಡೆದಿತ್ತು. ಸಂಜೆ ಅಂಗಡಿ ಮುಚ್ಚುವಾಗ ಎಣಿಸದೆಯೇ ಯಾವುದಿಲ್ಲವೆಂದು ತಿಳಿಯಲು, ಪ್ರತಿಯೊಂದು ಸಾಮಾನಿನ ಆಕಾರಕ್ಕೂ ಅದರ ಮೇಲೆ ಬಿಳಿ ಬಣ್ಣದಲ್ಲಿ ಗೆರೆ ಎಳೆದಿದ್ದರು: ಇಕ್ಕಳ, ಸುತ್ತಿಗೆ, ಸಣ್ಣ ಪಾನ, ದೊಡ್ಡ ಪಾನ. ಆ ದೊಡ್ಡ ಪಾನದ ಗೆರೆಯೊಳಗೆ ಏನೂ ಇರಲಿಲ್ಲ, ಮೊಳೆ ಮಾತ್ರ ಇತ್ತು. ಬಸ್ಸಿನವನು ಹಾರನ್ ಹೊಡೆದ. ಬಿಸಿಲು ಅಂಗಡಿಯ ಹೊಸ್ತಿಲಿನ ತನಕ ಬಂದಿತ್ತು. ನಾನು ಸಾಬರನ್ನು ದಾಟಿ ಒಳಗೆ ಹೋಗಿ ಪಾನವನ್ನು ಮೊಳೆಗೆ ಸಿಕ್ಕಿಸಿದೆ. ಅದು ಆ ಕಡೆ ಈ ಕಡೆ ಸ್ವಲ್ಪ ಓಲಾಡಿ, ಗೆರೆಯೊಳಗೆ ನಿಂತಿತು.